ಆಕಾಶದ ಮೇಲೂ ನೀರು: ಪ್ರಾಚೀನ ಹೀಬ್ರೂ ಜನರ ವಿಶ್ವ ಹೇಗಿತ್ತು?

ಭೂಮಿ ಗೋಳವೆಂದು ಬೈಬಲ್ ಮೊದಲೇ ಹೇಳಿತ್ತು ಎಂಬ ಫಾರ್ವರ್ಡ್‌ಗಳನ್ನು ನಾವೆಲ್ಲ ನೋಡಿದ್ದೇವೆ. ಅವು ಕೊಡುವ ಆಧಾರ ಯೆಶಾಯ 40:22ರ 'ಹೂಗ್' ಎಂಬ ಹೀಬ್ರೂ ಪದ. ಅದರ ಅರ್ಥ ವೃತ್ತ, ಚೆಂಡಲ್ಲ.

ಹೀಬ್ರೂ ಜನರ ಕಲ್ಪನೆಯೇ ಬೇರೆ. ನೆಲದ ಕೆಳಗೆ ಸತ್ತವರ ಲೋಕ 'ಷಿಯೋಲ್'. ನೆಲ ಕಂಬಗಳ ಮೇಲೆ ನಿಂತಿದೆ ಎಂಬ ಮಾತೂ ಕೆಲವೆಡೆ ಬರುತ್ತದೆ. ತಲೆಯ ಮೇಲೆ 'ರಾಕೀಯ' ಎಂಬ ಚಾವಣಿ. ಲೋಹವನ್ನು ಬಡಿದು ತಗಡು ಮಾಡುವ ಕ್ರಿಯಾಪದದಿಂದ ಬಂದ ಹೆಸರಿದು. ಚಾವಣಿಯ ಮೇಲೂ ನೀರು! ಆದಿಕಾಂಡ 7:11ರ ಜಲಪ್ರಳಯದಲ್ಲಿ ಆಕಾಶದ ತೂಬುಗಳೇ ತೆರೆದುಕೊಳ್ಳುತ್ತವೆ.

ಹಾಗಾದರೆ ಅವರು ದಡ್ಡರೇ? ಖಂಡಿತ ಅಲ್ಲ. ಬಾನು ನೀಲಿ, ಮಳೆ ಬೀಳುವುದು ಮೇಲಿಂದ. ಬರಿಗಣ್ಣಿಗೆ ಕಂಡದ್ದರಿಂದ ಅವರು ಹೀಗೆ ಊಹಿಸಿದರು. ಬ್ಯಾಬಿಲೋನಿನ 'ಎನುಮಾ ಎಲಿಶ್' ಕಾವ್ಯದಲ್ಲೂ ಆಕಾಶ ಮೇಲಿನ ನೀರನ್ನು ತಡೆದು ನಿಲ್ಲಿಸುತ್ತದೆ. ಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ದುಂಡು ನೆರಳು ಭೂಮಿ ಗೋಳವೆಂಬುದಕ್ಕೆ ಪುರಾವೆ ಎಂದು ಗ್ರೀಸಿನ ಅರಿಸ್ಟಾಟಲ್ ವಿವರಿಸಿದ್ದು ಕ್ರಿ.ಪೂ. 4ನೇ ಶತಮಾನದಲ್ಲಿ.

ಹಳೆಯ ಗ್ರಂಥದೊಳಗೆ ಇಂದಿನ ವಿಜ್ಞಾನವನ್ನು ತುರುಕುವುದೂ ತಪ್ಪು, ಅದಿಲ್ಲವೆಂದು ಹೀಗಳೆಯುವುದೂ ತಪ್ಪು. ಯಾವ ಧರ್ಮದ ಗ್ರಂಥದ ಬಗ್ಗೆ ಇಂಥ ಸಂದೇಶ ಬಂದರೂ, ಆ ಪದಕ್ಕೆ ಅಂದು ಇದ್ದ ಅರ್ಥವೇನು ಎಂದು ಕೇಳಿಕೊಳ್ಳೋಣ. ಆಮೇಲೆ ಫಾರ್ವರ್ಡ್ ಮಾಡೋಣ.