ಶುಶ್ರೂಷೆ ಮಾಡುವವರಿಗೂ ಶುಶ್ರೂಷೆ ಬೇಡವೆ?

ಆಸ್ಪತ್ರೆಯಲ್ಲಿ ರೋಗಿಯೊಬ್ಬನು ಅನಿರೀಕ್ಷಿತವಾಗಿ ಅಸುನೀಗಿದಾಗ ನಮ್ಮ ಗಮನವೆಲ್ಲ ಅಳುತ್ತಿರುವ ಬಂಧುಗಳತ್ತ ಹರಿಯುತ್ತದೆ. ಅದು ಹಾಗೆಯೇ ಇರತಕ್ಕದ್ದು. ಆದರೆ ಆ ದೇಹಕ್ಕೆ ಬಿಳಿಯ ಹೊದಿಕೆಯನ್ನು ಹೊದಿಸಿ, ಕೈ ತೊಳೆದುಕೊಂಡು, ಪಕ್ಕದ ಮಂಚದ ರೋಗಿಗೆ ಚುಚ್ಚುಮದ್ದು ಕೊಡಲು ಹೊರಟ ದಾದಿಯ ಮನಸ್ಸನ್ನು ವಿಚಾರಿಸುವವರು ವಿರಳ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈದ್ಯರಾದ ಆಲ್ಬರ್ಟ್ ವೂ ಅವರು 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಬರೆದ ಪುಟ್ಟ ಲೇಖನವೊಂದು ಈ ಪ್ರಶ್ನೆಯನ್ನು ಮುಂದಿಟ್ಟಿತು. ಅವರು ಕಿರಿಯ ವೈದ್ಯರಾಗಿದ್ದಾಗ ಸಹೋದ್ಯೋಗಿಯೊಬ್ಬರು ಇ.ಸಿ.ಜಿ.ಯಲ್ಲಿದ್ದ ಅಪಾಯದ ಸೂಚನೆಯನ್ನು ಗುರುತಿಸದೆ ಹೋದರು. ಸುದ್ದಿ ಹಬ್ಬಿತು, ಜೊತೆಯವರೇ ನ್ಯಾಯಾಧೀಶರಾಗಿ ಅವರನ್ನು ಅಸಮರ್ಥರೆಂದು ತೀರ್ಮಾನಿಸಿದರು. ಅದೇ ತಪ್ಪು ತಮ್ಮಿಂದಲೂ ಆಗಬಹುದಿತ್ತಲ್ಲವೆ ಎಂದು ವೂ ಒಳಗೊಳಗೇ ಚಿಂತಿಸಿದರಂತೆ. ಇಂಥವರನ್ನು ಅವರು 'ಎರಡನೆಯ ಸಂತ್ರಸ್ತರು' ಎಂದು ಕರೆದರು. ಈ ಹೆಸರು ನನಗೆ ಒಪ್ಪಿಗೆಯಾಗಿಲ್ಲ. ವೈದ್ಯಕೀಯ ತಪ್ಪುಗಳಿಂದ ತಮ್ಮವರನ್ನು ಕಳೆದುಕೊಂಡವರು 2019ರಲ್ಲಿ ಅದೇ ಪತ್ರಿಕೆಯಲ್ಲಿ ಅದನ್ನು ಕೈಬಿಡಿರೆಂದು ಕೇಳಿದ್ದು ನ್ಯಾಯವೇ. ಹೆಸರು ಹೋಗಲಿ, ನೋವು ಸುಳ್ಳಲ್ಲ.

ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 2011ರಲ್ಲಿ 'ರೈಸ್' ಎಂಬ ವ್ಯವಸ್ಥೆ ಆರಂಭವಾಯಿತು. ಕಂಗೆಟ್ಟವರು ಹಗಲಿರುಳೆನ್ನದೆ ಯಾವ ಹೊತ್ತಿನಲ್ಲಿ ಕರೆದರೂ ತರಬೇತಿ ಪಡೆದ ಸಹೋದ್ಯೋಗಿಯೊಬ್ಬರು ಬಂದು ಕೇಳುತ್ತಾರೆ. ತಪ್ಪು ಯಾರದೆಂದು ಕೆದಕುವುದಿಲ್ಲ. ಆಡಿದ ಮಾತು ಗೋಪ್ಯ. ತಪ್ಪಿನ ವಿಚಾರಣೆ ಬೇರೆಯೇ ನಡೆಯಬೇಕು, ನಡೆಯಲೂ ಬೇಕು. ಮಿಸ್ಸೌರಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಇಂಥದೇ ಕೆಲಸ ಕೈಗೊಂಡ ಸೂಸನ್ ಸ್ಕಾಟ್ ಮತ್ತು ಅವರ ಸಂಗಡಿಗರ ಅಂದಾಜಿನಂತೆ, ನೊಂದವರಲ್ಲಿ ನೂರಕ್ಕೆ 60 ಮಂದಿಗೆ ತಮ್ಮ ವಿಭಾಗದವರ ಸಾಂತ್ವನವೇ ಸಾಕು. 30 ಮಂದಿಗೆ ತರಬೇತಿ ಪಡೆದ ಸಂಗಾತಿ ಬೇಕು. ತಜ್ಞರ ನೆರವು ಬೇಕಾಗುವುದು ಉಳಿದ 10 ಮಂದಿಗೆ ಮಾತ್ರ. ಬಲವಂತ ಮಾತ್ರ ಸಲ್ಲದು. ಆಘಾತಕ್ಕೊಳಗಾದವರನ್ನು ಒಮ್ಮೆ ಕೂರಿಸಿ ನಡೆದುದೆಲ್ಲವನ್ನೂ ಹೇಳಿಸುವ ಪದ್ಧತಿ ಫಲಕಾರಿಯಲ್ಲವೆಂದು ಸಂಶೋಧನೆಗಳಿಂದ ತಿಳಿದುಬಂದಿದೆ.

ನಮ್ಮ ದೇಶದಲ್ಲಿ ಈ ನೋವಿಗೆ ಭಯವೂ ಬೆರೆತಿದೆ. 2022ರ ಮಾರ್ಚ್ ತಿಂಗಳಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಬಾಣಂತಿಯೊಬ್ಬರು ರಕ್ತಸ್ರಾವದಿಂದ ತೀರಿಕೊಂಡಾಗ, ಚಿಕಿತ್ಸೆ ನೀಡಿದ ವೈದ್ಯೆಯ ಮೇಲೆ ಕೊಲೆಯ ಮೊಕದ್ದಮೆ ದಾಖಲಾಯಿತು. ಮರುದಿನವೇ ಆ ವೈದ್ಯೆ ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡರು. ಜೊತೆಯವರ ಮಾತಿನಿಂದ ಉಳಿಯುತ್ತಿದ್ದರೆನ್ನುವುದು ದುಡುಕಾದೀತು. ಪೊಲೀಸರ ಅವಸರಕ್ಕೆ ಔಷಧ ಬೇರೆ. ಆದರೂ ಇಂಥ ರಾತ್ರಿ ವೈದ್ಯರನ್ನು ಒಂಟಿಯಾಗಿ ಬಿಡಬಾರದೆಂಬಷ್ಟನ್ನು ಆ ಸಾವು ಹೇಳುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರೂ ದಾದಿಯರೂ ಇದ್ದಾರೆ. ಆಸ್ಪತ್ರೆಗಳಿಗೆ ಕೊಠಡಿ, ಯಂತ್ರಗಳನ್ನು ಕೊಡಿಸಿದ ದಾನಿಗಳೂ ಇದ್ದಾರೆ. ಕೆಲವರ ತರಬೇತಿಗೆ, ಅವರು ಸಂಗಾತಿಯೊಡನೆ ಕುಳಿತಿರುವಷ್ಟು ಹೊತ್ತು ವಾರ್ಡನ್ನು ನೋಡಿಕೊಳ್ಳುವ ಬದಲಿ ದಾದಿಯ ಸಂಬಳಕ್ಕೆ ಧನಸಹಾಯ ಬೇಕು. ಗೋಡೆಯ ಮೇಲೆ ಹೆಸರು ಕೆತ್ತಿಸಲು ಬಾರದ ದಾನವಿದು. ಆದುದರಿಂದಲೇ ಪ್ರಾಯಶಃ ಯಾರಿಗೂ ಹೊಳೆದಿಲ್ಲ. ಒಂದೇ ಆಸ್ಪತ್ರೆಯಲ್ಲಿ ಒಂದು ವರ್ಷ ನಡೆಸಿ ನೋಡಬಹುದು. ವರ್ಷದ ಕೊನೆಯಲ್ಲಿ ದಾನಿಗಳು ಎಷ್ಟು ಮಂದಿ ಕರೆದರೆಂಬ ಲೆಕ್ಕವನ್ನಷ್ಟೇ ಕೇಳಲಿ, ಕರೆದವರ ಹೆಸರುಗಳನ್ನಲ್ಲ.