ಬೇತಾಳನೂ ಡ್ರಾಕುಲನೂ

ಬ್ರಾಮ್ ಸ್ಟೋಕರನು 1897ರಲ್ಲಿ ಪ್ರಕಟಿಸಿದ ‘ಡ್ರಾಕುಲ’ ಕಾದಂಬರಿಯು ಭಾರತದ ಬೇತಾಳಕಥೆಗಳ ಕಳವೆಂದು ಸಾರುವವರು, ಶಿವಮೊಗ್ಗೆಯ ವಿನೋಬನಗರದಲ್ಲಾಗಲಿ ಅನ್ಯತ್ರವಾಗಲಿ, ವಿರಳರಲ್ಲ. ದೇಶಾಭಿಮಾನವು ಶ್ಲಾಘ್ಯವೇ ಸರಿ. ಆದರೆ ಓದದೆಯೇ ಹುಟ್ಟಿದ ಅಭಿಮಾನಕ್ಕೆ ಆಲಸ್ಯವೆಂದೇ ಹೆಸರು.

ಈ ವಾದಕ್ಕೆ ಇರುವ ಆಧಾರವಿಷ್ಟೇ: ರಿಚರ್ಡ್ ಬರ್ಟನ್ನನು 1870ರಲ್ಲಿ ಬೇತಾಳನ ಹನ್ನೊಂದು ಕಥೆಗಳನ್ನು ಇಂಗ್ಲಿಷಿಗೆ ತಂದು, ಗ್ರಂಥದ ಹೆಸರಿನಲ್ಲಿಯೇ ಬೇತಾಳನನ್ನು ‘ವ್ಯಾಂಪೈರ್’ ಎಂದು ಕರೆದನು. ಸ್ಟೋಕರನಿಗೆ ಬರ್ಟನ್ನನ ಪರಿಚಯವೂ ಇದ್ದಿತು. ಇದು ನಿಜ. ಆದರೆ ಪರಿಚಯದಿಂದ ಪಿತೃತ್ವವು ಸಿದ್ಧಿಸದು. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ವನ್ನು ತೆರೆದು ನೋಡಿದವರಿಗೆ ಭೇದವು ಸ್ಪಷ್ಟವಾಗುವುದು. ಮರಕ್ಕೆ ತೂಗಿದ ಹೆಣದಲ್ಲಿ ನೆಲೆಸಿದ ಬೇತಾಳನು ರಾಜನ ರಕ್ತವನ್ನು ಹೀರುವುದಿಲ್ಲ. ಕಥೆ ಹೇಳಿ ನ್ಯಾಯ ಕೇಳುತ್ತಾನೆ. ಕಡೆಗೆ ಕಪಟಸಂನ್ಯಾಸಿಯ ಸಂಚನ್ನು ತಿಳಿಸಿ ಅವನ ಪ್ರಾಣವನ್ನೇ ಉಳಿಸುತ್ತಾನೆ. ಇಂತಹ ಉಪಕಾರಿಯನ್ನು ರಕ್ತಪಾಯಿಗಳ ಪಿತಾಮಹನೆನ್ನುವುದು ಬೇತಾಳನಿಗೇ ಮಾಡುವ ಅಪಚಾರ.

ಹಾಗಾದರೆ ಡ್ರಾಕುಲನ ವಂಶಾವಳಿ ಯಾವುದು? ಅದನ್ನು ಯುರೋಪಿನ ಎರಡು ಕಥೆಗಳಲ್ಲಿ ಅರಸಬೇಕು. 1816ರ ಬೇಸಗೆಯಲ್ಲಿ ಜಿನೀವಾ ಸರೋವರದ ದಡದಲ್ಲಿ ಬೈರನ್ ಕವಿಯು ಆರಂಭಿಸಿ ಬಿಟ್ಟ ಕಥೆಯೊಂದರ ಎಳೆ ಹಿಡಿದು, ಅವನ ವೈದ್ಯನಾದ ಪೊಲಿಡೊರಿಯು ‘ದಿ ವ್ಯಾಂಪೈರ್’ ಎಂಬುದನ್ನು ಬರೆದನು. 1819ರಲ್ಲಿ ಅದು ಪತ್ರಿಕೆಯಲ್ಲಿ ಅಚ್ಚಾದಾಗ ಕರ್ತೃವಿನ ಹೆಸರು ಬೈರನ್ನನದಾಗಿತ್ತು! ಹಳ್ಳಿಯ ಸ್ಮಶಾನದಿಂದೆದ್ದು ಬರುತ್ತಿದ್ದ ಹೆಣವು ಶ್ರೀಮಂತರ ಸಭೆಗಳಲ್ಲಿ ಸಂಚರಿಸುವ ಪ್ರಭುವಾದದ್ದು ಅಲ್ಲಿಯೇ. ಅನಂತರ 1871-72ರಲ್ಲಿ ಡಬ್ಲಿನ್ನಿನ ಲೆ ಫಾನೂ ‘ಕಾರ್ಮಿಲ್ಲಾ’ವನ್ನು ಬರೆದನು. ಅತಿಥಿಯಾಗಿ ಮನೆಯನ್ನು ಹೊಗುವುದು, ಇರುಳಿನಲ್ಲಿ ತರುಣಿಯ ರಕ್ತವನ್ನು ಹೀರಿ ಅವಳನ್ನು ಬಾಡಿಸುವುದು, ಕಡೆಗೆ ಎದೆಗೆ ಗೂಟವನ್ನು ಹೊಡೆದು ಶಿರಚ್ಛೇದ ಮಾಡುವುದು, ಇವೆಲ್ಲವೂ ಅಲ್ಲಿ ಸಿದ್ಧವಾಗಿವೆ. ಸ್ಟೋಕರನೂ ಡಬ್ಲಿನ್ನಿನವನೇ, ಲೆ ಫಾನೂವಿಗೆ ಪಾಲಿದ್ದ ಪತ್ರಿಕೆಗೆ ನಾಟಕವಿಮರ್ಶೆ ಬರೆಯುತ್ತಿದ್ದವನು. ಕಾದಂಬರಿಯ ಮೊದಲ ಟಿಪ್ಪಣಿಗಳಲ್ಲಿ ಖಳನ ಕೋಟೆಯಿದ್ದುದು ಟ್ರಾನ್ಸಿಲ್ವೇನಿಯದಲ್ಲಲ್ಲ, ಕಾರ್ಮಿಲ್ಲೆಯ ಸ್ಟೀರಿಯಾ ಪ್ರಾಂತದಲ್ಲಿ. ಇದಕ್ಕಿಂತ ಬಲವಾದ ಸಾಕ್ಷ್ಯವು ಬೇಕೆ?

ಹಾಗೆಂದು ಸ್ಟೋಕರನು ಕಳ್ಳನಾಗಲಿಲ್ಲ. ಬೀಜವನ್ನು ತಂದವನು ಒಬ್ಬ, ಮರವನ್ನು ಬೆಳೆಸಿದವನು ಮತ್ತೊಬ್ಬ. ಸಾಹಿತ್ಯದ ಬೇಸಾಯವೇ ಹೀಗೆ. ಕನ್ನಡದ ದುರ್ಗಸಿಂಹನು ತನ್ನ ‘ಪಂಚತಂತ್ರ’ವು ವಸುಭಾಗಭಟ್ಟನ ಸಂಸ್ಕೃತಕೃತಿಯಿಂದ ಬಂದುದೆಂದು ತಾನೇ ಹೇಳಿಕೊಂಡನು; ಅದರಿಂದ ಅವನ ಕೀರ್ತಿಗೆ ಕುಂದೇನೂ ಬರಲಿಲ್ಲ. ಋಣವನ್ನು ಒಪ್ಪಿಕೊಳ್ಳುವ ಇಂತಹ ಪರಂಪರೆಗೆ ವಾರಸುದಾರರಾದವರು, ಇಲ್ಲದ ಋಣವನ್ನು ಅನ್ಯರ ಮೇಲೆ ಹೊರಿಸಿ ಹಿಗ್ಗುವುದು ಯಾವ ನ್ಯಾಯ?

ಬೇತಾಳನ ಹೆಸರನ್ನು ಹಿಡಿದು ವಾದಿಸುವವರು ಮೊದಲು ಅವನ ಕಥೆಗಳನ್ನು ಓದಲಿ, ಮಕ್ಕಳಿಗೂ ಓದಿ ಹೇಳಲಿ. ಉತ್ತರವು ತಿಳಿದಿದ್ದೂ ಮೌನವಾಗಿರುವವನ ತಲೆಯು ಸಿಡಿದುಹೋಗುವುದೆಂಬುದು ಅವನ ನಿಬಂಧನೆ. ತಿಳಿಯದೆಯೇ ಉತ್ತರ ಹೇಳುವವರಿಗೆ ಅವನು ಯಾವ ಶಿಕ್ಷೆಯನ್ನು ವಿಧಿಸುತ್ತಿದ್ದನೋ!