ಆಣೆ ಲೆಕ್ಕದ ಬದುವಿಗೆ ಸೆಂಟಿಮೀಟರ್ ಜಗಳ

📍 ನೆಲದ ಮಾತು | ಭಾಗ 4

ಜಮೀನು ಅಳೆಯೋಕೆ ಈಗ ಸರಪಳಿ ಎಳೀಬೇಕಿಲ್ಲ. ಸರ್ವೇಯರ್ ಕೋಲಿನ ತುದಿಗೆ ರೋವರ್ ಸಿಕ್ಕಿಸಿ ಬಾಂದು ಕಲ್ಲಿನ ಮೇಲೆ ಹಿಡಿದರೆ ಸಾಕು, ಆ ಜಾಗ ಎಲ್ಲಿದೆ ಅಂತ ಕೆಲವೇ ಸೆಂಟಿಮೀಟರ್ ವ್ಯತ್ಯಾಸದಲ್ಲಿ ಗೊತ್ತಾಗುತ್ತೆ.

ಹೇಗೆ? ಉಪಗ್ರಹದ ಸಿಗ್ನಲ್ ವಾತಾವರಣ ದಾಟಿ ಬರುವಾಗ ಲೆಕ್ಕ ತುಸು ತಪ್ಪುತ್ತೆ. ಅದಕ್ಕೇ ಸರ್ವೇ ಆಫ್ ಇಂಡಿಯಾ ಅಲ್ಲಲ್ಲಿ ಕಾರ್ಸ್ ಅನ್ನೋ ಸ್ಥಿರ ಕೇಂದ್ರಗಳನ್ನು ಇಟ್ಟಿದೆ. ಆ ಕೇಂದ್ರ ಇರುವ ಜಾಗ ಮೊದಲೇ ನಿಖರವಾಗಿ ಗೊತ್ತಿರೋದ್ರಿಂದ, ಸಿಗ್ನಲ್ ಎಷ್ಟು ತಪ್ಪಿದೆ ಅಂತ ಕಂಡುಹಿಡಿದು ಮೊಬೈಲ್ ನೆಟ್‌ವರ್ಕ್ ಮೂಲಕ ರೋವರ್‌ಗೆ ತಿದ್ದುಪಡಿ ಕಳಿಸಬಹುದು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್‌ಗಳು ಊರೊಳಗಿನ ಮನೆಗಳನ್ನು ನಕ್ಷೆಗೆ ತರ್ತಿರೋದೂ ಇದೇ ಬಲದಿಂದ. ಇದೆಲ್ಲ ಬೇಕಾದದ್ದೇ.

ನನ್ನ ತಕರಾರು ಬೇರೆ. ಈ ಹೊಸ ಅಳತೆಯನ್ನು ನಾವು ಯಾವುದರ ಜೊತೆ ಹೋಲಿಸ್ತೀವಿ?

ಹಳೇ ಟಿಪ್ಪಣಿ ಜೊತೆ. ಅದರ ಅಳತೆ ಚೈನ್ ಮತ್ತು ಆಣೆಯಲ್ಲಿದೆ. ಒಂದು ಚೈನ್ 33 ಅಡಿ, ಅದಕ್ಕೆ 16 ಆಣೆ. ಅಂದ್ರೆ ಒಂದು ಆಣೆ ಎರಡು ಅಡಿಗಿಂತ ಸ್ವಲ್ಪ ಹೆಚ್ಚು, ಸುಮಾರು 63 ಸೆಂಟಿಮೀಟರ್. ಮೇಲಾಗಿ ಅದು ಏರಿಳಿತದ ನೆಲದಲ್ಲಿ ಕೈಯಿಂದ ಎಳೆದ ಸರಪಳಿ.

ಈಗ ಲೆಕ್ಕ ಹಾಕಿ. 16 ಚೈನ್ ಉದ್ದದ ಬದು ಒಂದೇ ಒಂದು ಆಣೆ ಆಚೆ ಸರಿದರೆ ಸರಿಯಾಗಿ ಒಂದು ಗುಂಟೆ, 1089 ಚದರ ಅಡಿ. ಹಳೇ ಅಳತೆಗೆ ಇದು ಕಣ್ಣಿಗೂ ಬೀಳದ ವ್ಯತ್ಯಾಸ. ಹೊಸ ನಕ್ಷೆಯಲ್ಲಿ ಅದೇ ‘ಒತ್ತುವರಿ’ ಆಗಿ ಕಾಣುತ್ತೆ. ಮೂರು ತಲೆಮಾರಿನಿಂದ ಒಂದೇ ಬದುವಿನ ಮೇಲೆ ಕೂತು ಬುತ್ತಿ ಉಂಡವರು ಕೋರ್ಟ್ ಮೆಟ್ಟಿಲು ಹತ್ತೋಕೆ ಇಷ್ಟು ಸಾಕು.

ಯಾರೂ ಕದ್ದಿಲ್ಲ. ಯಂತ್ರವೂ ತಪ್ಪಿಲ್ಲ. ದಪ್ಪ ಗೆರೆಯನ್ನು ಸಣ್ಣ ಸೂಜಿಯಿಂದ ಅಳೀತಿದ್ದೀವಿ, ಅಷ್ಟೇ.

ಹಾಗಾಗಿ ನನ್ನ ಅಭಿಪ್ರಾಯ ಇದು: ಹದ್ದುಬಸ್ತು ನಕ್ಷೆಯ ಮೇಲೆ ಹಳೇ ಅಳತೆಯ ತಪ್ಪಿನ ಮಿತಿಯನ್ನೂ ಮುದ್ರಿಸಬೇಕು. ವ್ಯತ್ಯಾಸ ಆ ಮಿತಿಯೊಳಗಿದ್ದರೆ, ಎರಡೂ ಕಡೆಯವರು ಒಪ್ಪಿ ನಡೆಸಿಕೊಂಡು ಬಂದ ಬದುವೇ ಗಡಿ ಅಂತ ಬರೆದುಕೊಂಡು, ಅದೇ ಬದುವನ್ನು ರೋವರ್‌ನಿಂದ ಅಳೆದು ದಾಖಲಿಸಬೇಕು. ಮುಂದಿನ ತಲೆಮಾರಿಗೆ ಆ ಸೆಂಟಿಮೀಟರ್ ನಿಖರತೆ ನಿಜಕ್ಕೂ ಉಪಯೋಗಕ್ಕೆ ಬರುತ್ತೆ. ಮಿತಿ ಮೀರಿದ ವ್ಯತ್ಯಾಸ ಇದ್ದರೆ ಆಗ ವಿಚಾರಣೆ ಆಗಲಿ.

ಅಲ್ಲಿವರೆಗೆ ನಾವು ಮಾಡಬಹುದಾದ್ದು 👇

▪️ ಸರ್ವೆ ದಿನ ನೀವೂ ಇರಿ, ಬಾಜೂದಾರರನ್ನೂ ಕರೀರಿ. ಪಾಲು ಇರೋ ಅಕ್ಕತಂಗಿಯರಿಗೂ ತಿಳಿಸಿ.
▪️ ಯಾವ ಕಲ್ಲಿನಿಂದ ಅಳತೆ ಶುರು ಮಾಡಿದ್ರು ಅಂತ ಕೇಳಿ. ಅದೇ ಕಿತ್ತು ಇಟ್ಟ ಕಲ್ಲಾದ್ರೆ ಉಳಿದದ್ದೆಲ್ಲ ತಪ್ಪು.
▪️ ದಟ್ಟ ಅಡಿಕೆ ತೋಟ, ಮರಗಳ ಕೆಳಗೆ ಸಿಗ್ನಲ್ ಹದಗೆಡುತ್ತೆ. ಅಂಥ ಕಡೆ ಇನ್ನೊಮ್ಮೆ ಅಳೆಯೋಕೆ ಹೇಳಿ.
▪️ ಪಂಚನಾಮೆ ಓದದೆ ಸಹಿ ಹಾಕಬೇಡಿ.
▪️ ಮೊಬೈಲ್ ಆ್ಯಪ್ ನೋಡಿ ಬೇಲಿ ಕೀಳಬೇಡಿ. ಫೋನಿನ ಜಿಪಿಎಸ್ ಬಯಲಲ್ಲೂ ಐದಾರು ಮೀಟರ್ ಆಚೀಚೆ ಆಗಬಹುದು. ‘ದಿಶಾಂಕ್’ ಸರ್ವೆ ನಂಬರ್ ತಿಳಿಯೋಕೆ ಒಳ್ಳೇದು, ಗಡಿ ತೀರ್ಮಾನಕ್ಕಲ್ಲ.

ನಿಮ್ಮೂರಲ್ಲಿ ರೋವರ್ ಬಂದ ಮೇಲೆ ಜಗಳ ಕಮ್ಮಿ ಆಯ್ತಾ, ಜಾಸ್ತಿ ಆಯ್ತಾ? ಕಮೆಂಟಲ್ಲಿ ಬರೀರಿ. ಅಳತೆಗೆ ಅರ್ಜಿ ಹಾಕಿರೋರಿಗೆ ಇದನ್ನ ಕಳಿಸಿ.

#ನೆಲದಮಾತು #ಭೂಮಾಪನ #ಹದ್ದುಬಸ್ತು #ಪಹಣಿ